ಮೊದಲು ನಿಮ್ಮ ಹಾಳೆ, ಆಮೇಲೆ ಊರಿನವರ ಅನುಭವ

2024ರ ಬೇಸಿಗೆ ನೆನಪಿದೆ ಅಲ್ವಾ? ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಬತ್ತಿತ್ತು. ಬೆಳಗಾದರೆ ಟ್ಯಾಂಕರ್ ದಾರಿ ಕಾಯುವುದೇ ಕೆಲಸ. ಒಂದು ಭಾನುವಾರ ಪಾರ್ಕಿಂಗ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತೆವು. 'ಏನಾದರೂ ಐಡಿಯಾ ಹೇಳಿ' ಅಂದರು. ಎರಡು ಗಂಟೆ ಮೂರು ಜನ ಮಾತಾಡಿದರು, ಇಪ್ಪತ್ತು ಜನ ಕೇಳಿಸಿಕೊಂಡರು. ಕೊನೆಗೆ ಉಳಿದದ್ದು 'ಇನ್ನೊಂದು ಬೋರ್ ಕೊರೆಸೋಣ' ಅನ್ನೋದು ಮಾತ್ರ.

ಆ ಮೂವರನ್ನು ನಾನು ದೂರುವುದಿಲ್ಲ. ಸುಮ್ಮನೆ ಕೂತವರಿಗೂ ಹೇಳುವುದಿತ್ತು. ತಮ್ಮ ಸರದಿ ಬರುವ ಹೊತ್ತಿಗೆ ಅರ್ಧ ಮರೆತಿತ್ತು, ಇನ್ನರ್ಧ ಹೇಳಲು ಸಂಕೋಚ. ಹೀಗೆ ಗುಂಪಾಗಿ ಕೂತು ತೋಚಿದ್ದನ್ನೆಲ್ಲ ಹೇಳುವುದಕ್ಕೆ ಬ್ರೈನ್‌ಸ್ಟಾರ್ಮಿಂಗ್ ಅನ್ನುತ್ತಾರೆ. ಅದನ್ನು ಜನಪ್ರಿಯ ಮಾಡಿದವರು ಅಮೆರಿಕದ ಜಾಹೀರಾತು ಉದ್ಯಮಿ ಅಲೆಕ್ಸ್ ಆಸ್ಬಾರ್ನ್. ಒಟ್ಟಿಗೆ ಕೂತರೆ ಐಡಿಯಾ ಹೆಚ್ಚುತ್ತದೆ ಅಂತ ಅವರು ನಂಬಿದ್ದರು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದಾಗ, ನಾಲ್ವರು ಒಟ್ಟಿಗೆ ಕೂತು ಕೊಟ್ಟದ್ದಕ್ಕಿಂತ ನಾಲ್ವರು ಬೇರೆ ಬೇರೆ ಕೂತು ಯೋಚಿಸಿದ್ದನ್ನು ಕೂಡಿಸಿದಾಗಲೇ ಜಾಸ್ತಿ ಐಡಿಯಾ ಸಿಕ್ಕವು. ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು, ಅದೇ ದೊಡ್ಡ ತೊಡಕು ಅಂತ 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಅನ್ನುವ ಸಂಶೋಧಕರು ತೋರಿಸಿದರು.

ಆನ್‌ಲೈನ್‌ನಲ್ಲಿ ಈ ಕಾಯುವಿಕೆ ಇಲ್ಲ. ರಾತ್ರಿ ಹನ್ನೊಂದಕ್ಕೆ ಯಾರೋ ತಮ್ಮ ಮನೆಯ ಸಂಪಿನ ಕಥೆ ಬರೆದಿರುತ್ತಾರೆ. ಮೀಟಿಂಗ್ ಆದ ಮೇಲೆ ಒಂದು ವಾರ ನಾನು ಅಂಥವನ್ನೇ ಓದಿದೆ. ನಲ್ಲಿಗೆ ಏರೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ಕಡಿಮೆ ಮಾಡುವ ಪುಟ್ಟ ಬಿಲ್ಲೆ) ಹಾಕಿದವರು, ಮನೆಮನೆಗೆ ಮೀಟರ್ ಹಾಕಿಸಿದವರು, ಬಾವಿ ತೋಡುವ ಮಣ್ಣು ವಡ್ಡರನ್ನು ಕರೆಸಿ ಮಳೆನೀರನ್ನು ನೆಲಕ್ಕೆ ಇಂಗಿಸುವ ಇಂಗುಬಾವಿ ಮಾಡಿಸಿದವರು. ಮಳೆಯ ಲೆಕ್ಕ ಕಲಿತದ್ದೂ ಅಲ್ಲೇ: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿಲಿಮೀಟರ್ ಅಂತಿಟ್ಟುಕೊಂಡರೂ, 500 ಚದರ ಮೀಟರ್ ತಾರಸಿ ಮೇಲೆ ನಾಲ್ಕೂವರೆ ಲಕ್ಷ ಲೀಟರ್ ಬೀಳುತ್ತದೆ. ಅಷ್ಟನ್ನೂ ನಾವು ಚರಂಡಿಗೆ ಬಿಡುತ್ತಿದ್ದೆವು!

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಗೆದ್ದವರ ಕಥೆಗಳಲ್ಲ, ಸೋತವರದ್ದು. ಸೋಸುವ ವ್ಯವಸ್ಥೆ ಇಲ್ಲದೆ ನೀರು ಬಿಟ್ಟು, ಎರಡೇ ಮಳೆಗಾಲದಲ್ಲಿ ಇಂಗುಬಾವಿಯ ತಳ ಹೂಳು ಕಟ್ಟಿಸಿಕೊಂಡವರು ಒಬ್ಬರು. ಅವರು ಅದನ್ನು ನಾಚಿಕೆ ಬಿಟ್ಟು ಬರೆದಿದ್ದರಿಂದ ನಮ್ಮ ಹಣ ಉಳಿಯಿತು. ಇಂಥ ಮಾತು ಯಾವ ಕಂಪನಿಯ ಬ್ರೋಷರ್‌ನಲ್ಲೂ ಇರುವುದಿಲ್ಲ.

ಆದರೆ ಒಂದು ಎಚ್ಚರಿಕೆ ಬೇಕೇ ಬೇಕು. ಇಂಗುಬಾವಿಯ ಬಗ್ಗೆ ಓದಿದ ಮೇಲೆ ನನ್ನ ತಲೆಯಲ್ಲಿ ಬೇರೇನೂ ಹುಟ್ಟಲಿಲ್ಲ. ಬೇರೆಯವರ ಉತ್ತರ ಮೊದಲೇ ಕಣ್ಣಿಗೆ ಬಿದ್ದರೆ ನಮ್ಮ ಯೋಚನೆ ಅಲ್ಲೇ ಗೂಟ ಹೊಡೆದು ಕೂರುತ್ತದೆ. ಅದಕ್ಕೇ ಎರಡನೇ ಮೀಟಿಂಗ್‌ಗೆ ಎಲ್ಲರನ್ನೂ ಕೇಳಿಕೊಂಡೆ: ಫೋನ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ನಿಮಗೆ ತೋಚಿದ್ದು ಬರೆಯಿರಿ. ಓದುವುದು, ಹುಡುಕುವುದು ಆಮೇಲೆ.

ಹದಿನೇಳು ಹಾಳೆ ಬಂದವು. ಮೂರನೇ ಮಹಡಿಯ ಅಜ್ಜಿ, ಮೊದಲ ಮೀಟಿಂಗ್‌ನಲ್ಲಿ ತುಟಿ ಬಿಚ್ಚದವರು, ಬರೆದಿದ್ದರು: 'ಆರ್‌ಓ ಯಂತ್ರದಿಂದ ಚೆಲ್ಲುವ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸುತ್ತೇನೆ, ನೀವೂ ಮಾಡಿ.' ಖರ್ಚಿಲ್ಲ, ಮರುದಿನದಿಂದಲೇ ಶುರುವಾಯಿತು.

ಏರೇಟರ್ ಹಾಕಿಸಿದ್ದೇವೆ. ಇಂಗುಬಾವಿ ಇನ್ನೂ ಬಾಕಿ. ನಮ್ಮಲ್ಲಿ ಹತ್ತು ಅಡಿಗೇ ಬಂಡೆ ಸಿಗುತ್ತಿದೆ. ಇಂಥ ನೆಲದಲ್ಲಿ ಮಾಡಿಸಿ ನೋಡಿದವರಿದ್ದರೆ ಕೆಳಗೆ ಬರೆಯಿರಿ. ಕೆಟ್ಟಿದ್ದರೆ, ಹೇಗೆ ಕೆಟ್ಟಿತು ಅನ್ನೋದನ್ನೂ ಬರೆಯಿರಿ.