ಹಲ್ಲಿ ಹೇಳಿದ್ದು ಸತ್ಯ

ನಮ್ಮ ಮನೆಯ ಅಟ್ಟದಲ್ಲಿ ಹಳೇ ಪೆಂಟಿಯಂ 3 ಕಂಪ್ಯೂಟರ್ ಒಂದಿದೆ. ಗುಜರಿಗೆ ಹಾಕಲು ಮನಸ್ಸಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಕೆಳಗಿಳಿಸಿ, ಎಲ್ಲಾ ಬಿಚ್ಚಿ ಪೇಂಟ್ ಬ್ರಷ್ಷಿನಲ್ಲಿ ಧೂಳು ಹೊಡೆದು, ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿ ಒಂದು ಸಲ ಆನ್ ಮಾಡುತ್ತೇನೆ. ಈ ಸಲ ಬಟನ್ ಒತ್ತಿದರೆ "ಟಿಕ್" ಅಂದಿತು. ಫ್ಯಾನು ಕಾಲು ಸುತ್ತು ತಿರುಗಿ ನಿಂತಿತು. ಅಷ್ಟೇ.

ದೇವರ ಮನೆಯಿಂದ ಅಮ್ಮ "ಕೃಷ್ಣ ಕೃಷ್ಣ" ಅಂದರು. ಹಲ್ಲಿ ಲೊಚಗುಟ್ಟಿತು ಅಂದುಕೊಂಡಿದ್ದರು.

ಇದರ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ, ಒಮ್ಮೆ ಮುನಿಸಿಕೊಂಡರೆ ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚುಚ್ಚಬೇಕು. ಆರೇಳು ಸಲ ಚುಚ್ಚಿದೆ. ಟಿಕ್, ಕೃಷ್ಣ ಕೃಷ್ಣ. ಟಿಕ್, ಕೃಷ್ಣ ಕೃಷ್ಣ. ಕೊನೆಗೆ ಅಮ್ಮನೇ ಎದ್ದು ಬಂದು, "ಕುಂಕುಮ ಒಳಗೆ ಬಿತ್ತೇನೋ?" ಅಂದರು. ನನಗೂ ಅದೇ ಭಯ, ಆದರೆ ಒಪ್ಪಿಕೊಳ್ಳಲಿಲ್ಲ.

ಮದರ್‌ಬೋರ್ಡಿನ ಕೆಪಾಸಿಟರ್, ಅಂದರೆ ಕರೆಂಟ್ ಕೂಡಿಡುವ ಪುಟ್ಟ ಡಬ್ಬಿಗಳನ್ನು ನೋಡಿದೆ. ಆ ಕಾಲದವು ಕೆಟ್ಟರೆ ತಲೆ ಪೂರಿ ಥರ ಉಬ್ಬುತ್ತದೆ. ಇವು ನೀಟಾಗಿ ಚಪ್ಪಟೆ. ಎಸ್‌ಎಂಪಿಎಸ್ ಡಬ್ಬಿಯನ್ನಂತೂ ನಾನು ಬಿಚ್ಚುವುದಿಲ್ಲ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರುಗಳಲ್ಲಿ 300 ವೋಲ್ಟ್ ಕೂತಿರಬಹುದು, ಹಬ್ಬದ ದಿನ ಯಾಕೆ ಬೇಕು ಅಲ್ವಾ? ಅದನ್ನು ಎಲ್ಲದರಿಂದ ಬಿಡಿಸಿ, ಬಟನ್ ಇಲ್ಲದೆಯೇ ಆನ್ ಆಗಲಿ ಅಂತ ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಕಪ್ಪು ವೈರಿಗೂ ಪೇಪರ್ ಕ್ಲಿಪ್ ಸಿಕ್ಕಿಸಿದೆ. ಫ್ಯಾನು ಗಿರ್ರನೆ ತಿರುಗಿತು! ಅಂದರೆ ಪಾಪ, ಅದರ ತಪ್ಪೇನಿಲ್ಲ. ಎಲ್ಲೋ ಶಾರ್ಟ್ ಆಗಿದೆ, ಯಾರೋ ಕರೆಂಟನ್ನು ನೇರ ನೆಲಕ್ಕೆ ಸುರಿಯುತ್ತಿದ್ದಾರೆ, ಅದು ತನ್ನ ಜೀವ ಉಳಿಸಿಕೊಳ್ಳಲು ಆಫ್ ಆಗುತ್ತಿದೆ.

ಎಲ್ಲಾ ಮತ್ತೆ ಜೋಡಿಸಿ ಒಂದೊಂದೇ ಬಿಡಿಸುತ್ತಾ ಹೋದೆ. ಹಾರ್ಡ್ ಡಿಸ್ಕ್ ಬಿಡಿಸಿದೆ, ಟಿಕ್. ಸಿಡಿ ಡ್ರೈವ್, ಟಿಕ್. ಫ್ಲಾಪಿ ಡ್ರೈವಿನ ಹತ್ತಿರ ಬಂದು ಟಾರ್ಚ್ ಬಿಟ್ಟೆ. ಅದರ ಪುಟಾಣಿ ಕನೆಕ್ಟರಿಗೆ ನಾಲ್ಕು ತೂತು, ಡ್ರೈವಿಗೆ ನಾಲ್ಕು ಪಿನ್. ಹಿಂದಿನ ರಾತ್ರಿ ಧೂಳು ಹೊಡೆದವನು ಅದನ್ನು ಒಂದು ಪಿನ್ ಪಕ್ಕಕ್ಕೆ ಚುಚ್ಚಿದ್ದ. 5 ವೋಲ್ಟಿನ ಕೆಂಪು ವೈರು ಸೀದಾ ಗ್ರೌಂಡ್ ಪಿನ್ನಿನ ಮೇಲೆ ಕೂತಿತ್ತು, ಅದೇ ಶಾರ್ಟ್. ಧೂಳು ಹೊಡೆದವನು ಯಾರು ಅಂತ ಹೇಳಬೇಕಾಗಿಲ್ಲ.

ಸರಿಯಾಗಿ ಚುಚ್ಚಿ ಬಟನ್ ಒತ್ತಿದೆ. ಫ್ಲಾಪಿ ಗರಗರ ಅಂದಿತು, ಸ್ಪೀಕರಿನಿಂದ ಎಲ್ಲಾ ಸರಿಯಿದೆ ಅನ್ನುವ ಒಂದೇ ಒಂದು "ಬೀಪ್".

"ಏನಾಗಿತ್ತೋ?" ಅಂದರು ಅಮ್ಮ.

"ಏನಿಲ್ಲಮ್ಮ, ಹಳೇದಲ್ವಾ, ತಾನಾಗೇ ಕೈಕೊಟ್ಟಿತ್ತು."

ಗೋಡೆ ಗಡಿಯಾರದ ಹಿಂದಿನಿಂದ ನಿಜವಾದ ಹಲ್ಲಿ ಲೊಚಗುಟ್ಟಿತು.

"ನೋಡು, ಸತ್ಯವಂತೆ," ಅಂದು ಅಮ್ಮ ನೆಲ ಕುಟ್ಟಿದರು.