ಮೂರು ರಾತ್ರಿ ಆಸ್ಪತ್ರೇಲಿದ್ರೂ ಅಜ್ಜಿ ‘ಅಡ್ಮಿಟ್’ ಆಗಿರಲಿಲ್ಲ

ಊರಿಗೆ ಹೋದಾಗೆಲ್ಲ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, ‘ನರ್ಸ್ ಕೆಲಸ ಬಿಟ್ಟು ಅದೇನೋ ಕೇಸ್ ನಡೆಸ್ತೀಯಂತಲ್ಲ, ಕೋರ್ಟ್‌ಗೆಲ್ಲ ಹೋಗ್ಬೇಕಾ’ ಅಂತ. ಕೇಸ್ ಮ್ಯಾನೇಜರ್ ಅನ್ನೋ ಹೆಸರೇ ಹಂಗಿದೆ, ಅವರದೇನೂ ತಪ್ಪಿಲ್ಲ. ಮಂಗಳೂರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಇಲ್ಲಿ ನ್ಯೂಜೆರ್ಸಿಗೆ ಬಂದು ಒಂಬತ್ತು ವರ್ಷ ವಾರ್ಡಲ್ಲಿ ಓಡಾಡಿ, ಸೊಂಟ ಹಿಡ್ಕೊಂಡ್ಮೇಲೆ ಈ ಕೆಲಸಕ್ಕೆ ಬಂದೆ. ಈಗ ನಾನು ಇಂಜೆಕ್ಷನ್ ಕೊಡಲ್ಲ, ಬಿಪಿ ನೋಡಲ್ಲ. ಪೇಷಂಟ್ ಯಾವಾಗ ಮನೆಗೆ ಹೋಗ್ಬಹುದು, ಮನೇಲಿ ನೋಡ್ಕೊಳ್ಳೋರು ಇದಾರಾ, ವಾಕರ್ ಬೇಕಾ, ಆಕ್ಸಿಜನ್ ಬೇಕಾ, ರಿಹ್ಯಾಬ್‌ಗೆ ಕಳಿಸ್ಬೇಕಾ, ಅದಕ್ಕೆಲ್ಲ ಇನ್ಶೂರೆನ್ಸ್‌ನೋರು ಹೂಂ ಅಂತಾರಾ, ಇದನ್ನೆಲ್ಲ ನೋಡೋದು ನನ್ನ ಕೆಲಸ. ಅಂದ್ರೆ ಅರ್ಧ ದಿನ ಫೋನ್ ಕಿವಿಗಿಟ್ಕೊಂಡು ಅದೇ ಹೋಲ್ಡ್ ಮ್ಯೂಸಿಕ್ ಕೇಳೋದು.

ವಾಷಿಂಗ್ಟನ್ನಲ್ಲಿ ಹೆಲ್ತ್ ಪಾಲಿಸಿ ಬದಲಾದಾಗ ಟೀವಿಲಿ ಎರಡು ದಿನ ಕಿತ್ತಾಡಿ ಮರ್ತೋಗ್ತಾರೆ. ಅದನ್ನ ಮಂಚದ ಪಕ್ಕ ನಿಂತು ಪೇಷಂಟ್‌ಗೆ ಬಾಯ್ಬಿಟ್ಟು ಹೇಳ್ಬೇಕಾಗಿರೋದು ನಾವು. ಬೈಸ್ಕೊಳೋದೂ ನಾವೇ.

2025ರ ಫೆಬ್ರವರಿ. ತುಮಕೂರು ಕಡೆ ಅಜ್ಜಿ ಒಬ್ರು (ಗುರುತು ಸಿಗಬಾರದು ಅಂತ ಊರು ಗೀರು ಬದಲಾಯಿಸಿದೀನಿ, ಹುಡುಕ್ಬೇಡಿ), ಎಂಬತ್ತರ ಹತ್ರ ವಯಸ್ಸು, ಮಗಳ ಮನೇಲಿರೋರು. ಚಳಿ ಅಂತ ಮಗಳು ಸಾಕ್ಸ್ ಹಾಕಿದಾರೆ, ಅಜ್ಜಿ ಜನ್ಮದಲ್ಲಿ ಸಾಕ್ಸ್ ಹಾಕ್ದೋರಲ್ಲ, ಮರದ ನೆಲ, ಜರ್‍ರಂತ ಜಾರಿ ಬಿದ್ರು. ಎಕ್ಸ್‌ರೇ, ಸಿಟಿ ಎಲ್ಲ ಮಾಡಿದ್ರೆ ಪೆಲ್ವಿಸ್‌ನಲ್ಲಿ ಕೂದಲೆಳೆಯಷ್ಟು ಬಿರುಕು. ಆಪರೇಷನ್ ಬೇಕಾಗಿಲ್ಲ. ಆದ್ರೆ ಕಾಲು ಊರಕ್ಕಾಗ್ತಿಲ್ಲ, ಬಾತ್‌ರೂಮ್‌ಗೆ ಹೋಗ್ಬೇಕಂದ್ರೆ ಇಬ್ರು ಹಿಡ್ಕೋಬೇಕು. ಮನೇಲಿ ಮಲಗೋ ರೂಮು ಮೇಲ್ಗಡೆ, ಹದಿನಾಲ್ಕು ಮೆಟ್ಟಿಲು. ಇಂಥೋರನ್ನ ಮೂರ್ನಾಲ್ಕು ವಾರ ಸ್ಕಿಲ್ಡ್ ನರ್ಸಿಂಗ್ ಸೆಂಟರ್‌ಗೆ ಕಳಿಸಿ ದಿನಾ ಫಿಸಿಯೋ ಮಾಡ್ಸಿ ನಡೆಸ್ಬೇಕು, ಇದರಲ್ಲಿ ಡಾಕ್ಟರ್‌ಗೂ ಅನುಮಾನ ಇರ್ಲಿಲ್ಲ, ನನಗೂ ಇರ್ಲಿಲ್ಲ.

ತೊಂದರೆ ಏನಂದ್ರೆ ಅಜ್ಜಿ ‘ಇನ್‌ಪೇಷಂಟ್’ ಅಲ್ಲ, ‘ಅಬ್ಸರ್ವೇಶನ್’. ಅದೇ ವಾರ್ಡು, ಅದೇ ಮಂಚ, ಅದೇ ನರ್ಸು, ಅದೇ ಉಪ್ಪಿಲ್ಲದ ಸೂಪು. ಕಂಪ್ಯೂಟರ್‌ನಲ್ಲಿ ಒಂದು ಪದ ಮಾತ್ರ ಬೇರೆ. 2013ರ ಅಕ್ಟೋಬರ್‌ನಿಂದ ಮೆಡಿಕೇರ್‌ನಲ್ಲಿ (65 ದಾಟಿದೋರಿಗೆ ಇಲ್ಲಿನ ಸರ್ಕಾರದ ಇನ್ಶೂರೆನ್ಸ್) ಎರಡು ಮಧ್ಯರಾತ್ರಿ ರೂಲ್ ಅಂತ ಇದೆ. ಈ ಪೇಷಂಟ್‌ಗೆ ಆಸ್ಪತ್ರೆಲೇ ಕೊಡ್ಬೇಕಾದಂಥ ಚಿಕಿತ್ಸೆ ಎರಡು ಮಧ್ಯರಾತ್ರಿ ದಾಟುತ್ತೆ ಅಂತ ಡಾಕ್ಟರ್‌ಗೆ ಅನ್ನಿಸಿದ್ರೆ ಇನ್‌ಪೇಷಂಟ್, ಇಲ್ಲಾಂದ್ರೆ ಅಬ್ಸರ್ವೇಶನ್, ಅಂದ್ರೆ ಲೆಕ್ಕಕ್ಕೆ ಔಟ್‌ಪೇಷಂಟ್. ಅಜ್ಜಿಗೆ ನೋವಿನ ಮಾತ್ರೆ ಬಿಟ್ರೆ ಇನ್ನೇನೂ ಕೊಡ್ತಿರ್ಲಿಲ್ಲ, ನಡೆಯಕ್ಕಾಗದೆ, ಕಳಿಸಕ್ಕೆ ಜಾಗ ಇಲ್ಲದೆ ಉಳ್ಕೊಂಡಿದ್ದ ರಾತ್ರಿಗಳು ಈ ಲೆಕ್ಕಕ್ಕೆ ಬರಲ್ಲ.

ಬಂದ್ರೆಷ್ಟು ಬಿಟ್ರೆಷ್ಟು ಅನ್ನೋ ಹಾಗಿಲ್ಲ. ಮೂರು ದಿನ ಇನ್‌ಪೇಷಂಟ್ ಆಗಿದ್ರೆ ಮಾತ್ರ ಮೆಡಿಕೇರ್ ಆ ನರ್ಸಿಂಗ್ ಸೆಂಟರ್ ಖರ್ಚು ಕೊಡುತ್ತೆ, ಮೊದಲ 20 ದಿನ ಪೂರ್ತಿ, ಆಮೇಲೆ ನೂರನೇ ದಿನದವರೆಗೆ ಪೇಷಂಟ್ ದಿನಕ್ಕೆ ಇನ್ನೂರು ಡಾಲರ್ ಆಸುಪಾಸು ಹಾಕ್ಕೋಬೇಕು. ಅಬ್ಸರ್ವೇಶನ್ ಆದ್ರೆ ಸೊನ್ನೆ. ಎಲ್ಲ ಕೈಯಿಂದ, ದಿನಕ್ಕೆ ನಾನೂರು ಡಾಲರ್ ಮೇಲೇ ಅಂತ ಇಟ್ಕೊಳ್ಳಿ.

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಈ ಅಜ್ಜಿ ಇಲ್ಲಿ ಕೆಲಸ ಮಾಡ್ದೋರಲ್ಲ, ಗ್ರೀನ್ ಕಾರ್ಡಲ್ಲಿ ಬಂದು ಐದು ವರ್ಷ ಆದ್ಮೇಲೆ ದುಡ್ಡು ಕೊಟ್ಟು ಮೆಡಿಕೇರ್ ತಗೊಂಡೋರು. ಹಂಗೆ ತಗೊಂಡ್ರೆ 2025ರಲ್ಲಿ ಪಾರ್ಟ್ ಎಗೆ ತಿಂಗಳಿಗೆ 518, ಪಾರ್ಟ್ ಬಿಗೆ 185, ಎರಡೂ ಸೇರಿ 703 ಡಾಲರ್. ಪಾರ್ಟ್ ಎ ಇರೋದೇ ಆಸ್ಪತ್ರೆ ಖರ್ಚಿಗೆ. ಅಷ್ಟು ಕಟ್ಟಿನೂ ಆಸ್ಪತ್ರೇಲಿ ಮಲಗಿದ್ದಾಗ ಅದು ಕೆಲಸಕ್ಕೆ ಬರಲಿಲ್ಲ, ಬಿಲ್ ಹೋಗಿದ್ದು ಔಟ್‌ಪೇಷಂಟ್ ಖರ್ಚು ನೋಡ್ಕೊಳ್ಳೋ ಪಾರ್ಟ್ ಬಿಗೆ, ಅದರಲ್ಲಿ ಇಪ್ಪತ್ತು ಪರ್ಸೆಂಟ್ ಇವ್ರದ್ದೇ. ದಿನಾ ನುಂಗೋ ಬಿಪಿ ಮಾತ್ರೆ ಆಸ್ಪತ್ರೆಯವ್ರು ಕೊಟ್ರೆ ಅದಕ್ಕೂ ಬೇರೆ ಬಿಲ್ಲು.

ಅಬ್ಸರ್ವೇಶನ್ 24 ಗಂಟೆ ದಾಟಿದ್ರೆ ಮೂನ್ ಅಂತ ಒಂದು ನೋಟೀಸ್ ಕೊಟ್ಟು, ಬಾಯಲ್ಲೂ ವಿವರಿಸಿ, 36 ಗಂಟೆ ಒಳಗೆ ಸಹಿ ಹಾಕ್ಸಬೇಕು. 2017ರಿಂದ ಇದೆ. ಮೂನ್ ಅಂದ್ರೆ ಚಂದ್ರ ಅಲ್ಲ, ಉದ್ದದ್ದೊಂದು ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು. ಎರಡನೇ ದಿನ ತಗೊಂಡ್ಹೋದೆ. ನಾನು ಇಂಟರ್‌ಪ್ರಿಟರ್ ಪರೀಕ್ಷೆ ಪಾಸ್ ಮಾಡಿಲ್ಲ, ಹಂಗಾಗಿ ಕನ್ನಡ ಬಂದ್ರೂ ಫಾರ್ಮ್‌ನ ನಾನೇ ಕನ್ನಡದಲ್ಲಿ ಹೇಳೋ ಹಾಗಿಲ್ಲ, ಐಪ್ಯಾಡ್‌ನಲ್ಲಿ ಇಂಟರ್‌ಪ್ರಿಟರ್‌ನ ಕರೀಬೇಕು. ಆಯಮ್ಮ ಆ ಕಡೆಯಿಂದ ಶುದ್ಧ ಕನ್ನಡದಲ್ಲಿ ‘ತಾವು ವೀಕ್ಷಣಾ ಸ್ಥಿತಿಯಲ್ಲಿರುತ್ತೀರಿ’ ಅಂದ್ರು. ಅಜ್ಜಿ ನನ್ನ ಮುಖ ನೋಡಿ, ‘ಅಂಗಂದ್ರೇನವ್ವಾ, ಯಾರು ಯಾರ್ನ ನೋಡ್ತಾವ್ರೆ?’

ನಗು ಬಂತು, ತಡ್ಕೊಂಡೆ. ಆಸ್ಪತ್ರೆಗೆ ಸೇರಿಸ್ಕೊಂಡಿಲ್ಲ ಅಂತ ಅರ್ಥ ಅಮ್ಮ ಅಂತ ಮಗಳು ಬಿಡಿಸಿ ಹೇಳಕ್ಕೆ ಹೋದ್ರು, ಅದಕ್ಕೆ ಅಜ್ಜಿ, ‘ನಿನ್ನೆಯಿಂದ ಇಲ್ಲೇ ಬಿದ್ದಿವ್ನಲ್ಲ, ಸೇರಿಸ್ಕಂಡಿಲ್ಲ ಅಂದ್ರೆ ಇದೇನು ಧರ್ಮಛತ್ರವಾ’ ಅಂತ ಕೇಳಿದ್ರು. ಹದಿನಾಲ್ಕು ವರ್ಷದ ಸರ್ವೀಸಲ್ಲಿ ಅಬ್ಸರ್ವೇಶನ್ ರೂಲ್ ಬಗ್ಗೆ ಇಷ್ಟು ಸರಿಯಾದ ಪ್ರಶ್ನೆ ಯಾವ ಕಾನ್ಫರೆನ್ಸಲ್ಲೂ ಕೇಳಿಲ್ಲ ನಾನು.

ಮೂರು ದಿನದ ರೂಲ್ ಎಲ್ಲಿಂದ ಬಂತು ಅಂದ್ರೆ 1965ರಲ್ಲಿ ಮೆಡಿಕೇರ್ ಕಾನೂನು ಬಂದಾಗಿನದ್ದು. ಆಗ ವಯಸ್ಸಾದೋರು ಆಸ್ಪತ್ರೆಗೆ ಸೇರಿದ್ರೆ ವಾರಗಟ್ಟಲೆ ಇರ್ತಿದ್ರು, ಮೂರು ದಿನ ಅನ್ನೋದು ದೊಡ್ಡ ಮಾತೇ ಅಲ್ಲ. ಈಗ ಮೊಣಕಾಲು ಬದಲಾಯಿಸ್ಕೊಂಡೋರೂ ಅದೇ ದಿನ ಸಂಜೆ ಮನೆಗೆ ಹೋಗ್ತಾರೆ. ಕಾಲ ಬದಲಾಯ್ತು, ಮೂರು ಮಾತ್ರ ಮೂರೇ.

ಇದನ್ನ ತೆಗೆದ್ರೆ ಖಜಾನೆ ಮುಳುಗೋಗುತ್ತೆ ಅನ್ನೋರಿದಾರೆ, ದುರುಪಯೋಗ ಆಗುತ್ತೆ ಅನ್ನೋ ಭಯ ಪೂರ್ತಿ ಸುಳ್ಳು ಅಂತ ನಾನೂ ಹೇಳಲ್ಲ. ಆದ್ರೆ ಕೋವಿಡ್ ಟೈಮಲ್ಲಿ 2020ರ ಮಾರ್ಚ್‌ನಿಂದ 2023ರ ಮೇ 11ರವರೆಗೆ ಈ ರೂಲ್‌ನ ಪಕ್ಕಕ್ಕಿಟ್ಟಿದ್ರಲ್ಲ. ಎಮರ್ಜೆನ್ಸಿಯಿಂದ ನೇರ ನರ್ಸಿಂಗ್ ಸೆಂಟರ್‌ಗೆ ಕಳಿಸಿದೀನಿ ನಾನು, ಮೂರು ವರ್ಷ. ಕೋವಿಡ್ ಗಲಾಟೆ ಬಿಟ್ರೆ ನನ್ನ ಕೆಲಸ ಅಷ್ಟು ಸಲೀಸಾಗಿ ಯಾವತ್ತೂ ನಡೆದಿಲ್ಲ. ಮೇ 12ನೇ ತಾರೀಖು ಬೆಳಿಗ್ಗೆ ಮತ್ತೆ ರಾತ್ರಿ ಎಣಿಸೋಕೆ ಶುರು ಮಾಡಿದ್ವಿ. 2026ರ ಜನವರಿಯಿಂದ ಆಸ್ಪತ್ರೆಗಳಿಗೆ ದುಡ್ಡು ಕೊಡೋಕೆ ಮೆಡಿಕೇರ್ ಟೀಮ್ ಅಂತ ಹೊಸ ಮಾದರಿ ತಂದಿದೆ, ಸೊಂಟದ ಮೂಳೆ ಮುರಿದು ಆಪರೇಷನ್ ಆದೋರೂ ಸೇರಿ ಐದು ಥರ ಸರ್ಜರಿಗೆ, ಅದ್ರಲ್ಲಿರೋ ಆಸ್ಪತ್ರೆಗಳಿಗೆ ಈ ಮೂರು ದಿನದ ವಿನಾಯ್ತಿ ಇದೆ. ಅಂದ್ರೆ ಮೂರು ದಿನಕ್ಕೂ ಆರೈಕೆಗೂ ಸಂಬಂಧ ಇಲ್ಲ ಅಂತ ಅವ್ರಿಗೇ ಗೊತ್ತು. ಗೊತ್ತಿದ್ದೂ ಬಿರುಕು ಬಿಟ್ಟ ಅಜ್ಜಿಗೆ ಇಲ್ಲ, ಮುರ್ಕೊಂಡು ಕೊಯ್ಯಿಸ್ಕೊಂಡ ಅಜ್ಜಿಗೆ ಇದೆ. ಇನ್ನೂ ಸ್ವಲ್ಪ ಜೋರಾಗಿ ಬೀಳ್ಬೇಕಿತ್ತು ಅಂತ ಹೇಳೋಣವಾ?

ಒಂದು ಒಳ್ಳೆ ಬದಲಾವಣೆನೂ ಆಯ್ತು, ಅದನ್ನೂ ಹೇಳ್ಬೇಕು. ಅದೇ 2025ರ ಫೆಬ್ರವರಿಯಲ್ಲಿ, ವರ್ಷಗಟ್ಟಲೆ ಕೋರ್ಟಲ್ಲಿ ನಡೆದ ಕೇಸ್ ಆದ್ಮೇಲೆ (ನೋಡಿ, ಕೊನೆಗೂ ಕೋರ್ಟ್ ಕೇಸ್ ಬಂತು), ಆಸ್ಪತ್ರೆಯವ್ರು ಇನ್‌ಪೇಷಂಟ್‌ನ ಅಬ್ಸರ್ವೇಶನ್‌ಗೆ ಇಳಿಸಿದ್ರೆ ಪೇಷಂಟ್ ಅಪೀಲ್ ಹೋಗ್ಬಹುದು ಅಂತಾಯ್ತು. ಮಗಳು ಎಲ್ಲೋ ಓದ್ಕೊಂಡು ಬಂದು ಫೋನ್ ತೋರಿಸಿದ್ರು, ‘ಅಕ್ಕ, ಇದು ನಮಗಾಗುತ್ತಲ್ವಾ’ ಅಂತ. ಆಗಲ್ಲ. ಇನ್‌ಪೇಷಂಟ್‌ನಿಂದ ಕೆಳಗಿಳಿಸಿದ ಪೇಷಂಟ್‌ಗೆ ಮಾತ್ರ ಅಪೀಲು. ಅಜ್ಜಿನ ಹತ್ತಿಸೇ ಇರ್ಲಿಲ್ವಲ್ಲ. ಅದನ್ನ ಹೇಳೋವಾಗ ಮಗಳ ಮುಖ ನೋಡಕ್ಕಾಗ್ಲಿಲ್ಲ, ಕ್ಲಿಪ್‌ಬೋರ್ಡ್ ನೋಡ್ಕೊಂಡೇ ಹೇಳ್ದೆ.

ಮೆಡಿಕೇರ್ ಅಡ್ವಾಂಟೇಜ್ (ಖಾಸಗಿ ಕಂಪನಿಗಳು ನಡೆಸೋ ಮೆಡಿಕೇರ್) ತಗೊಂಡ್ರೆ ಈ ಗೋಳಿಲ್ಲ ಅಂತ ಯಾರಾದ್ರೂ ಬರೀತೀರಿ, ಗೊತ್ತು. ಅಲ್ಲಿ ಸುಮಾರು ಪ್ಲ್ಯಾನ್‌ಗಳು ಮೂರು ದಿನ ಕೇಳಲ್ಲ ನಿಜ, ಬದಲಿಗೆ ಮೊದಲೇ ಅನುಮತಿ ಕೇಳ್ಬೇಕು. ಶುಕ್ರವಾರ ಮಧ್ಯಾಹ್ನ ಫ್ಯಾಕ್ಸ್ ಮಾಡಿದ್ರೆ (ಹೌದು, ಇನ್ನೂ ಫ್ಯಾಕ್ಸ್) ಸೋಮವಾರದವರೆಗೆ ಪೇಷಂಟ್ ಮಂಚದಲ್ಲೇ. 2026ರಿಂದ ಅರ್ಜೆಂಟ್ ಇದ್ರೆ 72 ಗಂಟೆ, ಇಲ್ಲಾಂದ್ರೆ ಏಳು ದಿನದೊಳಗೆ ಉತ್ತರ ಕೊಡ್ಬೇಕು, ಇಲ್ಲ ಅಂದ್ರೆ ಯಾಕೆ ಇಲ್ಲ ಅಂತ ಕಾರಣ ಹೇಳ್ಬೇಕು ಅಂತ ಮಾಡಿದಾರೆ. ವಾಸಿ. ಆದ್ರೆ ಅದೇ ಜನವರಿಯಿಂದ ನಮ್ಮ ನ್ಯೂಜೆರ್ಸಿನೂ ಸೇರಿ ಆರು ರಾಜ್ಯದಲ್ಲಿ ಮಾಮೂಲಿ ಮೆಡಿಕೇರ್‌ಗೂ ಕೆಲವು ಚಿಕಿತ್ಸೆಗಳಿಗೆ ಎಐ ಇಟ್ಕೊಂಡು ಮೊದಲೇ ಪರಿಶೀಲನೆ ಮಾಡೋ ಪ್ರಯೋಗ ಶುರುವಾಗಿದೆ, ಪರಿಶೀಲಿಸೋ ಕಂಪನಿಗಳಿಗೆ ಉಳಿಸಿದ ದುಡ್ಡಲ್ಲಿ ಪಾಲು. ಬೇಡ ಅಂದಷ್ಟೂ ಲಾಭ ಇರೋನ ಹತ್ರ ಬೇಕಾ ಅಂತ ಕೇಳೋಕೆ ಹೋದ್ರೆ ಏನು ಹೇಳ್ತಾನೆ?

ನನಗೆ ಇದಕ್ಕಿಂತ ಹೆದರಿಕೆ ಇರೋದು 2027ರ ಮೆಡಿಕೇಡ್ (ಆದಾಯ ಕಮ್ಮಿ ಇರೋರಿಗೆ ಸರ್ಕಾರದ ಇನ್ಶೂರೆನ್ಸ್) ಬಗ್ಗೆ. ಒಬಾಮಾ ಕಾಲದಲ್ಲಿ ಹೊಸದಾಗಿ ಸೇರಿಸ್ಕೊಂಡ 19ರಿಂದ 64 ವಯಸ್ಸಿನೋರು ತಿಂಗಳಿಗೆ 80 ಗಂಟೆ ಕೆಲಸ ಮಾಡಿದೀವಿ ಅಂತ ತೋರಿಸ್ಬೇಕು, ಆರಾರು ತಿಂಗಳಿಗೆ ಮತ್ತೆ ಕಾಗದ ಕೊಡ್ಬೇಕು. ದುಡಿಯೋನು ದುಡೀಲಿ, ಬಿಟ್ಟಿ ಯಾಕೆ ಕೊಡ್ಬೇಕು ಅನ್ನೋ ಮಾತು ನಮ್ಮ ದೇಸಿ ಪಾರ್ಟಿಗಳಲ್ಲೂ ಕೇಳಿದೀನಿ. ಅರ್ಕಾನ್ಸಸ್‌ನಲ್ಲಿ 2018ರಲ್ಲಿ ಇದನ್ನೇ ಮಾಡಿ ಕೆಲವೇ ತಿಂಗಳಲ್ಲಿ 18,000 ಜನ ಕವರೇಜ್ ಕಳ್ಕೊಂಡ್ರು, ಅದರಲ್ಲಿ ಕೆಲಸ ಮಾಡ್ತಿದ್ದೋರೂ ಇದ್ರು. ಕಾಗದ ಹಾಕಕ್ಕೆ ಗೊತ್ತಾಗಿಲ್ಲ ಅಷ್ಟೇ. 2023ರಲ್ಲಿ ಕೋವಿಡ್ ವಿನಾಯ್ತಿ ಮುಗಿದು ಎಲ್ಲರ ಮೆಡಿಕೇಡ್ ಮರುಪರಿಶೀಲನೆ ಆದಾಗ ನನ್ನ ಫ್ಲೋರ್‌ಗೆ ಬಂದಿದ್ದ ಒಬ್ಬ ಹೋಟೆಲ್ ಅಡುಗೆಯವನು, ಮನೆ ಬದಲಾಯಿಸಿದ್ದ, ರಿನ್ಯೂವಲ್ ಲೆಟರ್ ಹಳೇ ಅಡ್ರೆಸ್‌ಗೆ ಹೋಗಿತ್ತು. ಇನ್ಸುಲಿನ್ ಕೊಳ್ಳಕ್ಕಾಗದೆ ಅರ್ಧರ್ಧ ಡೋಸ್ ಹಾಕ್ಕೊಂಡು ಕೊನೆಗೆ ಐಸಿಯುನಲ್ಲಿ ನಾಲ್ಕು ದಿನ. ವಾರಕ್ಕೆ ಅರವತ್ತು ಗಂಟೆ ದುಡೀತಿದ್ದೋನು ಅವನು.

ಇದನ್ನೋದಿ ‘ನಮ್ಮ ಇಂಡಿಯಾನೇ ವಾಸಿ ಬಿಡಿ’ ಅನ್ನೋರಿಗೆ: ಅಲ್ಲೂ ಪಾಲಿಸಿ ಮಾಡಿಸಿದೋರು ‘24 ಗಂಟೆ ಅಡ್ಮಿಟ್ ಆಗಿದ್ರೆ ಮಾತ್ರ ಕ್ಲೇಮು’ ಅನ್ನೋದನ್ನ ಕೇಳಿಲ್ವಾ? 2024ರಲ್ಲಿ ಡಿಸ್ಚಾರ್ಜ್ ಒಪ್ಪಿಗೆ ಮೂರು ಗಂಟೆ ಒಳಗೆ ಕೊಡ್ಬೇಕು ಅಂತ ಅಲ್ಲಿನ ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ರೂಲ್ ತಂದ್ಮೇಲೂ ನಮ್ಮಪ್ಪ ಬೆಳಿಗ್ಗೆ ಹತ್ತಕ್ಕೆ ರೆಡಿಯಾಗಿ ಸಂಜೆ ಏಳರವರೆಗೆ ಪ್ಯಾಂಟ್ ಶರ್ಟ್ ಹಾಕ್ಕೊಂಡು ಮಂಚದ ಮೇಲೆ ಕೂತಿದ್ರು. ಅದರದ್ದು ಇನ್ನೊಂದಿನ ಬರೀತೀನಿ.

ಅಜ್ಜಿ ಕೊನೆಗೆ ಮನೆಗೇ ಹೋದ್ರು. ಮನೆಗೆ ಬರೋ ಫಿಸಿಯೋಗೆ ಮೂರು ದಿನದ ರೂಲ್ ಇಲ್ಲ, ಅದನ್ನ ಹಿಡ್ಕೊಂಡು ವಾರಕ್ಕೆ ಎರಡು ಸಲ ಬರೋ ಹಂಗೆ ಮಾಡ್ಸಿದೆ, ಡೈನಿಂಗ್ ಟೇಬಲ್ ಗರಾಜ್‌ಗೆ ಹಾಕಿ ಆ ಜಾಗದಲ್ಲಿ ಹಾಸ್ಪಿಟಲ್ ಬೆಡ್ ಹಾಕಿದ್ರು, ಮಗಳು ನ್ಯೂಜೆರ್ಸಿಯ ಫ್ಯಾಮಿಲಿ ಲೀವ್ ತಗೊಂಡ್ರು. ಆ ರಜೆ ಸಿಗದ ಕೆಲಸದಲ್ಲಿದ್ದಿದ್ರೆ ಏನ್ಮಾಡ್ತಿದ್ವೋ.

ಅಪ್ಪ ಅಮ್ಮನ್ನ ಇಲ್ಲಿ ಇಟ್ಕೊಂಡಿರೋರು ಆಸ್ಪತ್ರೆಗೆ ಹೋದ ಮೊದಲ ದಿನವೇ ಒಂದು ಪ್ರಶ್ನೆ ಕೇಳಿ: ‘ಇನ್‌ಪೇಷಂಟಾ, ಅಬ್ಸರ್ವೇಶನ್ನಾ?’ ರೂಮ್ ನಂಬರ್ ಕೊಟ್ಟಿದಾರೆ, ಕೈಗೆ ಬ್ಯಾಂಡ್ ಕಟ್ಟಿದಾರೆ ಅಂತ ಸುಮ್ನಾಗ್ಬೇಡಿ, ಎರಡಕ್ಕೂ ಅದನ್ನೇ ಕಟ್ಟೋದು. ಅಬ್ಸರ್ವೇಶನ್ ಅಂದ್ರೆ ಯಾಕೆ ಅಂತ ಡಾಕ್ಟರ್‌ನೇ ಕೇಳಿ, ಆ ಪದ ಬರೆಯೋದು ಅವ್ರು. ಮೊದಲು ಮನೇಲಿ ಹೆಂಗೆ ಓಡಾಡ್ತಿದ್ರು, ಈಗ ಏನೇನಾಗ್ತಿಲ್ಲ, ಬೇರೆ ಏನೇನು ಕಾಯಿಲೆ ಇದೆ, ಎಲ್ಲ ಬಿಡಿಸಿ ಹೇಳಿ, ಚಾರ್ಟಲ್ಲಿ ಬರೀದೇ ಇದ್ದದ್ದು ಯಾರಿಗೂ ಕಾಣಲ್ಲ. ಯಾರೂ ಸರಿಯಾಗಿ ಹೇಳ್ಲಿಲ್ಲಾಂದ್ರೆ ಕೇಸ್ ಮ್ಯಾನೇಜರ್‌ನ ಕಳಿಸಿ ಅನ್ನಿ. ಬರ್ತೀವಿ. ಸಂಜೆ ನಾಲ್ಕೂವರೆ ಒಳಗೆ ಕೇಳಿ ಮತ್ತೆ, ಆಮೇಲೆ ನಮ್ಮ ಆಫೀಸಲ್ಲಿ ಫೋನ್ ಎತ್ತೋರು ಇರಲ್ಲ.