ಜೋಡಣೆಯ ಜಾಗ ತೋರಿಸಿ, ಆಮೇಲೆ ವಾದ

ಮನುಷ್ಯ ಬರೀ ಒಂದು ಯಂತ್ರವಾ, ನಾಳೆ ಕಂಪ್ಯೂಟರ್ ಚಿಪ್ಪು-ತಂತಿಗಳ ಜೊತೆ ಬೆರೆತು ಬೇರೆಯೇ ಏನೋ ಆಗಿಬಿಡುತ್ತಾನಾ ಎಂಬ ವಾದಕ್ಕೆ ಕೂತವರಲ್ಲಿ ಎರಡು ಪಂಗಡ. ಒಬ್ಬರಿಗೆ ಚಿಪ್ಪೇ ದೇವರು. ಇನ್ನೊಬ್ಬರಿಗೆ ಆತ್ಮ ಎಂದರೆ ಮುಗಿಯಿತು, ಮುಂದೆ ಮಾತಿಲ್ಲ. ಎರಡೂ ಕಡೆಯವರು ಇದನ್ನು ಎಂದೋ ಮುಂದೆ ನಡೆಯುವ ಸಂಗತಿ ಎಂದೇ ತಿಳಿದಿದ್ದಾರೆ. ಅದು ನಡೆದು ದಶಕಗಳೇ ಆದವು ಮಾರಾಯ್ರೇ. ವಾರಕ್ಕೆ ಮೂರು ದಿನ ಬೆಳಗ್ಗಿನ ಬಸ್ಸು ಹಿಡಿದು ನಮ್ಮ ಕಾಸರಗೋಡಿನ ಬದಿಯಡ್ಕದಿಂದಲೋ ಪೆರ್ಲದಿಂದಲೋ, ಕಿಡ್ನಿ ಸೋತು ಯಂತ್ರದಲ್ಲಿ ರಕ್ತ ಸೋಸಿಸಿಕೊಳ್ಳುವ ಡಯಾಲಿಸಿಸ್‌ಗೆ ಹೊರಡುವವರೆಲ್ಲ ಯಂತ್ರದ ಜೊತೆ ಬೆರೆತವರೇ. ಅವರ ಒಂದು ಅಂಗ ಅವರ ಮೈಯಲ್ಲಿಲ್ಲ, ಆಸ್ಪತ್ರೆಯಲ್ಲಿ ಕರೆಂಟಿಗೆ ಸಿಕ್ಕಿಸಿ ನಿಲ್ಲಿಸಿದ್ದಾರೆ.

ನಾನು ಹೇಳುವುದಿಷ್ಟು. ಮೈ ಯಂತ್ರವೇ ಹೌದು, ಅದರಲ್ಲಿ ತಗಾದೆ ಇಲ್ಲ. ನಾವು ಮಾಡಿದ ಯಂತ್ರ ಅದಕ್ಕೆ ತಾಗುವ ಜಾಗ ಇದೆಯಲ್ಲ, ಕೆಡುವುದೆಲ್ಲ ಅಲ್ಲೇ. ಆ ಜಾಗದ ಬಗ್ಗೆ ಮಾತಾಡದೆ ‘ವಿಲೀನ’ದ ಬಗ್ಗೆ ಮಾತಾಡುವುದು ದಂಡ.

ಡಯಾಲಿಸಿಸ್‌ನಿಂದಲೇ ನೋಡೋಣ. ಎರಡು ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಅದರಲ್ಲಿ ನೂರಕ್ಕೆ 99 ಪಾಲನ್ನು ವಾಪಸು ರಕ್ತಕ್ಕೆ ಬಿಟ್ಟು ಉಳಿದ ಒಂದೂವರೆ-ಎರಡು ಲೀಟರನ್ನು ಮೂತ್ರವಾಗಿ ಹೊರಹಾಕುತ್ತವೆ. ವಾರದ 168 ಗಂಟೆಯೂ ಇದೇ ಕೆಲಸ. ಯಂತ್ರಕ್ಕೆ ಸಿಗುವುದು ನಾಲ್ಕು ಗಂಟೆಯಂತೆ ಮೂರು ಸಲ, ಒಟ್ಟು 12 ಗಂಟೆ. ಹಾಗಾಗಿ ಎರಡು ದಿನ ಮೈಯಲ್ಲಿ ಕೂಡಿದ ನೀರನ್ನು ನಾಲ್ಕೇ ಗಂಟೆಯಲ್ಲಿ ಎಳೆಯಬೇಕು. ಎಳೆಯುವುದಕ್ಕೂ ಮಿತಿ ಇದೆ: ಒಂದು ಕಿಲೋ ಮೈತೂಕಕ್ಕೆ ಗಂಟೆಗೆ 13 ಮಿ.ಲೀ. ಮೀರಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ. 60 ಕಿಲೋ ತೂಕದವರಿಗೆ ಗಂಟೆಗೆ 780 ಮಿ.ಲೀ., ನಾಲ್ಕು ಗಂಟೆಗೆ ಮೂರು ಲೀಟರಿಗಿಂತ ತುಸು ಹೆಚ್ಚು. ಮಧ್ಯದ ಎರಡು ದಿನದಲ್ಲಿ ತೂಕ ನಾಲ್ಕು ಕಿಲೋ ಏರಿಸಿಕೊಂಡು ಬಂದವರಿಗೆ ಬಿಪಿ ಇಳಿಯುವುದು, ಮೀನಖಂಡ ಹಿಡಿದುಕೊಳ್ಳುವುದು ಇದರಿಂದಲೇ. ಆಗ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ಗಂಜಿಗೆ ನೆಂಜಿಕೊಳ್ಳುವ ಉಪ್ಪಿನಕಾಯಿ ಇನ್ನಷ್ಟು ನೀರು ಕುಡಿಸುತ್ತದೆ.

ಪೊಟ್ಯಾಸಿಯಂ ಕಥೆ ಇದಕ್ಕಿಂತ ಅಪಾಯದ್ದು. ಕಿಡ್ನಿ ಸರಿ ಇದ್ದವರಿಗೆ ಬೊಂಡ, ಅಂದರೆ ಎಳನೀರು, ಅಮೃತ. ಡಯಾಲಿಸಿಸ್‌ನವರಿಗೆ ಹಾಗಲ್ಲ, ಒಂದು ಲೋಟ ಎಳನೀರಿನಲ್ಲೇ ಸುಮಾರು 500 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅವರಿಗೆ ದಿನಕ್ಕೆ ಹೇಳಿರುವ ಮಿತಿ ಸಾಧಾರಣ 2,000ದ ಆಸುಪಾಸು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ನೋವೂ ಇಲ್ಲ, ಜ್ವರವೂ ಇಲ್ಲ, ನೇರ ಹೃದಯದ ಲಯವೇ ತಪ್ಪುತ್ತದೆ. ಹಲಸಿನ ಹಣ್ಣಿನ ಕಾಲದಲ್ಲಿ ನೆಂಟರ ಮನೆಗೆ ಹೋಗುವವರು ಇದನ್ನು ನೆನಪಿಡಬೇಕು. ‘ಒಂದು ತೊಳೆ ತಿಂದರೆ ಏನಾಗುತ್ತದೆ’ ಎನ್ನುವ ಅತ್ತೆಯಂದಿರು ಎಲ್ಲ ಮನೆಯಲ್ಲೂ ಇದ್ದಾರೆ.

ಇನ್ನು ನೀರು. ಯಂತ್ರದೊಳಗೆ ರಕ್ತದ ಆಚೆ ಬದಿಯಲ್ಲಿ ಹರಿಯುವ ದ್ರವ ನಿಮಿಷಕ್ಕೆ 500 ಮಿ.ಲೀ., ನಾಲ್ಕು ಗಂಟೆಗೆ 120 ಲೀಟರ್. ಒಂದು ತೆಳು ಪೊರೆ ಬಿಟ್ಟರೆ ರಕ್ತಕ್ಕೂ ಆ ನೀರಿಗೂ ನಡುವೆ ಬೇರೇನೂ ಇಲ್ಲ. ಬೋರ್‌ವೆಲ್ ನೀರಿನ ಸುಣ್ಣದಂಶ ತೆಗೆಯುವ ಸಾಫ್ಟ್‌ನರ್ ಸೋತರೆ ವಾಂತಿ, ತಲೆನೋವು, ಬಿಪಿ ಏರಿಕೆ. ಕ್ಲೋರಮಿನ್ ಹಿಡಿಯುವ ಇದ್ದಿಲು ಟ್ಯಾಂಕ್ ಸೋತರೆ ಕೆಂಪು ರಕ್ತಕಣಗಳೇ ಒಡೆಯುತ್ತವೆ. ಆರ್‌ಓ ಒಂದಿದ್ದರೆ ಸಾಕು ಎನ್ನುವಂತಿಲ್ಲ, ಕ್ಲೋರಮಿನ್ ಅದನ್ನು ದಾಟಿ ಬರುತ್ತದೆ. ಇಷ್ಟೆಲ್ಲ ಮಾಡಿಯೂ ಯಂತ್ರ ಸೋಸುವ ಕೆಲಸ ಮಾತ್ರ ಮಾಡುತ್ತದೆ. ರಕ್ತ ಉತ್ಪತ್ತಿಗೆ ಬೇಕಾದ ಎರಿತ್ರೋಪೊಯೆಟಿನ್, ಚುರುಕುಗೊಂಡ ವಿಟಮಿನ್ ಡಿ, ಇವೆರಡೂ ಕಿಡ್ನಿಯ ಕೆಲಸ. ಅದನ್ನು ಇಂಜೆಕ್ಷನ್ನು, ಮಾತ್ರೆಗಳಿಂದ ತುಂಬಿಸಬೇಕು.

ಹಾಗಾದರೆ ಮೈ ಯಂತ್ರ ಹೇಗೆ? ಜೀವಕೋಶದ ಕೆಲಸಕ್ಕೆಲ್ಲ ಶಕ್ತಿ ಕೊಡುವ ಎಟಿಪಿ ಎಂಬ ಅಣುವನ್ನು ಮಾಡಲಿಕ್ಕೆ ಅದರೊಳಗೆ ಎಟಿಪಿ ಸಿಂಥೇಸ್ ಎಂಬ ಕಿಣ್ವವಿದೆ. ಅದು ನಿಜಕ್ಕೂ ಗರಗರ ತಿರುಗುವ ಮೋಟಾರು, ಒಂದು ಸುತ್ತಿಗೆ ಮೂರು ಎಟಿಪಿ. 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೆ ಹೊಳೆಯುವ ಎಳೆಯೊಂದನ್ನು ಅಂಟಿಸಿ ತಿರುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು. ಅದರ ಕೆಲಸದ ಬಗೆ ಬಿಡಿಸಿದ ಬಾಯರ್, ವಾಕರ್ ಇಬ್ಬರಿಗೂ ಅದೇ ವರ್ಷ ನೊಬೆಲ್ ಬಂತು. ಇದನ್ನು ಯಂತ್ರವಲ್ಲ ಎನ್ನುವವರು ಯಂತ್ರ ಎಂದರೇನೆಂದು ಮೊದಲು ಹೇಳಬೇಕು.

ಇದೆಲ್ಲ ಬೇಡ, ನಮ್ಮ ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆಯ ಸಂಗತಿಯೇ ಸಾಕು. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಗೇರಿಗೆ ಬೀಳುವ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲಿಕ್ಕೆ. ಆ ವಿಷ ಕೊಲ್ಲುವುದು ಹೇಗೆ? ನರಕೋಶಗಳಲ್ಲಿ ಗಾಬಾ ಎಂಬ ರಾಸಾಯನಿಕ ತಾಗಿದಾಗ ತೆರೆಯುವ ಕ್ಲೋರೈಡ್ ಬಾಗಿಲುಗಳಿವೆ. ಅವು ತೆರೆದರೆ ನರ ಸುಮ್ಮನಾಗುತ್ತದೆ. ಎಂಡೋಸಲ್ಫಾನ್ ಆ ಬಾಗಿಲಿಗೆ ಅಡ್ಡ ಕೂರುತ್ತದೆ. ಸುಮ್ಮನಾಗಿಸುವ ದಾರಿ ಮುಚ್ಚಿದ ಮೇಲೆ ನರ ಹೊಡೆದುಕೊಳ್ಳುತ್ತಲೇ ಇರುತ್ತದೆ, ಸೆಳೆತ ಬರುತ್ತದೆ. ಅದೇ ಜಾತಿಯ ಬಾಗಿಲು ಆ ಕೀಟದಲ್ಲೂ ಇದೆ, ದನದಲ್ಲೂ ಇದೆ, ಮಗುವಿನಲ್ಲೂ ಇದೆ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ತಡೆ ಹಾಕಿತು. ‘ಮನುಷ್ಯ ಬೇರೆ, ಕೀಟ ಬೇರೆ’ ಎಂಬ ಗರ್ವದ ಮಾತು ಆ ಬಾಗಿಲ ಮಟ್ಟದಲ್ಲಿ ನಿಲ್ಲುವುದಿಲ್ಲ.

ಅರಿವು ಎಲ್ಲಿಂದ ಬಂತು ಎಂದು ಕೇಳಿದರೆ, ಆತ್ಮವನ್ನು ಒಪ್ಪದ ನಮ್ಮ ಹಿಂದಿನ ಚಾರ್ವಾಕರು ಹೇಳಿದ್ದು, ಧಾನ್ಯ ಹುಳಿತಾಗ ಅಮಲು ಹುಟ್ಟುವ ಹಾಗೆ ಮಣ್ಣು, ನೀರು, ಬೆಂಕಿ, ಗಾಳಿ ಎಂಬ ಭೂತಗಳು ಕೂಡಿದಾಗ ಹುಟ್ಟುತ್ತದೆ ಎಂದು. ಬಿಡಿಬಿಡಿ ಕಾಳಿನಲ್ಲಿ ಅಮಲು ಹುಡುಕಿದರೆ ಸಿಗುವುದಿಲ್ಲ. ನನಗೆ ಇವತ್ತಿಗೂ ಇದಕ್ಕಿಂತ ಒಳ್ಳೆಯ ಉತ್ತರ ಕಂಡಿಲ್ಲ.

ಆದರೆ ಈ ಯಂತ್ರ ತನ್ನ ಬಿಡಿಭಾಗ ತಾನೇ ಮಾಡಿಕೊಳ್ಳುತ್ತದೆ, ಅದೂ ಓಡುತ್ತಿರುವಾಗಲೇ. ಕೆಂಪು ರಕ್ತಕಣದ ಆಯಸ್ಸು 120 ದಿನ. ಕರುಳಿನ ಒಳಪದರ ವಾರದೊಳಗೆ ಹೊಸತಾಗುತ್ತದೆ. ಮೂಳೆಯಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕರಗಿ ಮತ್ತೆ ಕಟ್ಟುತ್ತದೆ. ಇಂಥದ್ದರ ಪಕ್ಕ ಟೈಟಾನಿಯಮ್ಮೋ ಪ್ಲಾಟಿನಮ್ಮೋ ಇಟ್ಟಿರಿ ಎನ್ನಿ. ಒಂದು ಕಡೆ ದಿನಾ ಬದಲಾಗುತ್ತದೆ, ಇನ್ನೊಂದು ಕಡೆ ಬದಲಾಗುವುದೇ ಇಲ್ಲ.

ಡಯಾಲಿಸಿಸ್‌ನವರ ಕೈಯ ಫಿಸ್ಟುಲಾ ನೋಡಿ. ಮಣಿಕಟ್ಟಿನ ಹತ್ತಿರ ಅಪಧಮನಿಗೆ ಅಭಿಧಮನಿಯನ್ನು ಹೊಲಿಯುತ್ತಾರೆ. ಆರೆಂಟು ವಾರಗಳಲ್ಲಿ ಒತ್ತಡಕ್ಕೆ ಅಭಿಧಮನಿ ದಪ್ಪವಾಗಿ ಸೂಜಿ ತಡೆದುಕೊಳ್ಳುವ ಹಾಗಾಗುತ್ತದೆ. ಇದು ಮೈ ನಮಗೆ ಮಾಡುವ ಉಪಕಾರ. ಆದರೆ ಅದೇ ಮೈ ಹೊಲಿದ ಜಾಗದ ಸುತ್ತ ಒಳಗಿನಿಂದ ಕೋಶ ಬೆಳೆಸಿ ನಾಳವನ್ನು ಕಿರಿದು ಮಾಡುತ್ತದೆ, ಕೊನೆಗೆ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ದಿನಾ ಬೆಳಗ್ಗೆ ಬೆರಳಿಟ್ಟು ನೋಡಬೇಕು. ಒಳಗೆ ಗುಂಯ್ಯೆನ್ನುವ ಕಂಪನ ಇರಬೇಕು. ಅದು ನಿಂತಿದ್ದರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯಬಾರದು, ಆಗಲೇ ಹೊರಡಬೇಕು. ಬೇಗ ಹೋದರೆ ಹೆಪ್ಪು ತೆಗೆದು ಉಳಿಸುವ ಸಾಧ್ಯತೆ ಇದೆ. ಆ ಕೈಗೆ ಬಿಪಿ ಪಟ್ಟಿ ಬೇಡ, ರಕ್ತ ತೆಗೆಯುವುದು ಬೇಡ, ಭಾರದ ಚೀಲ ನೇತುಹಾಕುವುದೂ ಬೇಡ.

ಹೃದಯದ ಬಡಿತ ತಪ್ಪದಂತೆ ನೋಡುವ ಪೇಸ್‌ಮೇಕರ್ ಕೂಡ ಹೀಗೆಯೇ. ಸ್ವೀಡನ್ನಿನ ಆರ್ನೆ ಲಾರ್ಸನ್ನರಿಗೆ 1958ರಲ್ಲಿ ಮೊದಲನೆಯದನ್ನು ಇಟ್ಟಾಗ ಅದು ಕೆಲವೇ ಗಂಟೆ ನಡೆಯಿತು. ಅವರು 2001ರವರೆಗೆ ಬದುಕಿದರು, ಒಟ್ಟು 26 ಪೇಸ್‌ಮೇಕರ್ ಬದಲಾಯಿಸಿಕೊಂಡು, ಇಟ್ಟ ಸರ್ಜನ್ ಮತ್ತು ಮಾಡಿದ ಇಂಜಿನಿಯರ್ ಇಬ್ಬರಿಗಿಂತ ಹೆಚ್ಚು ಕಾಲ. ಈಗಿನ ಪೆಟ್ಟಿಗೆಯ ಬ್ಯಾಟರಿ ಸಾಧಾರಣ ಎಂಟರಿಂದ ಹನ್ನೆರಡು ವರ್ಷ ಬರುತ್ತದೆ. ಸೋಲುವುದು ಹೆಚ್ಚಾಗಿ ಪೆಟ್ಟಿಗೆಯಿಂದ ಹೃದಯಕ್ಕೆ ಹೋಗುವ ತಂತಿ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವಾಗ ತಂತಿಯೂ ಅಷ್ಟೇ ಸಲ ಬಾಗುತ್ತದೆ. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿಕೊಂಡ ಕಡೆ ಹೊದಿಕೆ ಸವೆಯುತ್ತದೆ. ಸೋಂಕಾದರಂತೂ ಪೆಟ್ಟಿಗೆ, ತಂತಿ ಎರಡನ್ನೂ ತೆಗೆಯಬೇಕು. ವರ್ಷಗಟ್ಟಲೆ ಹಳೆಯ ತಂತಿ ನಾಳದ ಗೋಡೆಗೆ ಗಾಯದ ಅಂಗಾಂಶದಿಂದ ಅಂಟಿರುತ್ತದೆ, ಬಿಡಿಸುವುದು ಹಾಕುವುದಕ್ಕಿಂತ ದೊಡ್ಡ ಕೆಲಸ. ಮೊಬೈಲನ್ನು ಎದೆಯ ಜೇಬಿನಲ್ಲಿ ಇಡಬೇಡಿ, 15 ಸೆಂ.ಮೀ. ದೂರ ಇರಲಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ. ಮನೆಯ ಹಿತ್ತಿಲಲ್ಲೇ ದಹನ ಮಾಡುವ ನಮ್ಮ ಕಡೆಯವರಿಗೆ ಇನ್ನೊಂದು ವಿಷಯ: ಚಿತೆಗೆ ಇಡುವ ಮೊದಲು ಪೇಸ್‌ಮೇಕರ್ ತೆಗೆಸಬೇಕು, ಬೆಂಕಿಯಲ್ಲಿ ಬ್ಯಾಟರಿ ಸಿಡಿಯುತ್ತದೆ. ಸಾವಿನ ಮನೆಯಲ್ಲಿ ಇದನ್ನು ಹೇಳಲಿಕ್ಕೆ ಎಲ್ಲರೂ ಹಿಂಜರಿಯುತ್ತಾರೆ, ಆದರೂ ಯಾರಾದರೂ ಹೇಳಲೇಬೇಕು.

ಮೆದುಳಿನ ಚಿಪ್ಪಿಗೂ ಇದೇ ಪಾಡು. 2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಕಂಪೆನಿ ಮೊದಲ ಮನುಷ್ಯನಿಗೆ ಇಟ್ಟದ್ದರಲ್ಲಿ 64 ಎಳೆ, 1,024 ಎಲೆಕ್ಟ್ರೋಡ್. ಕೆಲವು ವಾರಗಳಲ್ಲೇ ಹಲವು ಎಳೆಗಳು ಹಿಂದೆ ಸರಿದವು. ತಲೆಬುರುಡೆಯೊಳಗೆ ಮೆದುಳು ಪ್ರತಿ ಉಸಿರಿಗೂ ನಾಡಿಗೂ ಅಲುಗುತ್ತದಲ್ಲ. ಉಳಿದ ಎಲೆಕ್ಟ್ರೋಡ್‌ಗಳ ಸಂಕೇತವನ್ನು ಓದುವ ಸಾಫ್ಟ್‌ವೇರನ್ನು ತಿದ್ದಿ, ಆತ ಯೋಚನೆಯಿಂದಲೇ ಓಡಿಸುವ ಕಂಪ್ಯೂಟರ್ ಕರ್ಸರ್ ಮತ್ತೆ ಓಡುವಂತೆ ಮಾಡಿದರು. ಅದು ಸಣ್ಣ ಸಾಧನೆಯಲ್ಲ. ಕೈಕಾಲು ಬಾರದವರಿಗೆ ಅದರ ಬೆಲೆ ಗೊತ್ತು. ಆದರೆ ಮೆದುಳಿನಲ್ಲಿರುವುದು ಸುಮಾರು 8,600 ಕೋಟಿ ನರಕೋಶ. ಸಾವಿರ ಕಡೆ ಕಿವಿಯಿಟ್ಟು ಕೇಳುವುದಕ್ಕೂ ಇಡೀ ಮನಸ್ಸನ್ನು ಕಂಪ್ಯೂಟರಿಗೆ ಇಳಿಸುವುದಕ್ಕೂ ನಡುವಿನ ಅಂತರವನ್ನು ಭಾಷಣ ಮುಚ್ಚಲಾರದು. ಇದಕ್ಕೂ ಹಿಂದಿನ ಸೂಜಿ ಮಾದರಿಯ ಎಲೆಕ್ಟ್ರೋಡ್‌ಗಳ ಸುತ್ತ ಮೆದುಳಿನ ಗ್ಲಿಯಾ ಎಂಬ ಆಸರೆಯ ಕೋಶಗಳು ಗಾಯದ ಪೊರೆ ಕಟ್ಟಿ ವರ್ಷಗಳಲ್ಲಿ ಸದ್ದಡಗಿಸಿದ್ದು ಕೂಡ ಈ ಕ್ಷೇತ್ರದಲ್ಲಿ ಎಲ್ಲರಿಗೂ ತಿಳಿದ ತಲೆನೋವು.

ಇವುಗಳಲ್ಲಿ ನಿಜಕ್ಕೂ ಗೆದ್ದದ್ದು ಕಿವಿ ಕೇಳದವರಿಗೆ ಹಾಕುವ ಕಾಕ್ಲಿಯರ್ ಇಂಪ್ಲಾಂಟ್. ಒಳಕಿವಿಯಲ್ಲಿ ಶಬ್ದ ಹಿಡಿಯುವ ಸುಮಾರು 3,500 ಒಳಸಾಲಿನ ಕೂದಲಕೋಶಗಳ ಕೆಲಸವನ್ನು ಹನ್ನೆರಡರಿಂದ ಇಪ್ಪತ್ತೆರಡು ಎಲೆಕ್ಟ್ರೋಡ್‌ಗಳು ಮಾಡುತ್ತವೆ. ಉಳಿದದ್ದನ್ನು ಎಳೆಯ ಮೆದುಳು ಕಲಿತು ತುಂಬಿಕೊಳ್ಳುತ್ತದೆ. ಹಾಗಾಗಿ ವಯಸ್ಸು ಮುಖ್ಯ. ಕೇರಳ ಸರಕಾರದ ಶ್ರುತಿತರಂಗಂ ಯೋಜನೆ ಐದು ವರ್ಷದೊಳಗಿನ ಮಕ್ಕಳಿಗೆ ಎಂದು ಇಟ್ಟದ್ದೂ ಅದಕ್ಕೇ. ಆಪರೇಷನ್ ಆಗಿ ಮೂರು-ನಾಲ್ಕು ವಾರಕ್ಕೆ ಸ್ವಿಚ್ ಹಾಕುತ್ತಾರೆ, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ. ಇಲ್ಲಿ ನಮ್ಮ ಗಡಿಯ ಮನೆಗಳು ಮೊದಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ತರಬೇತಿ ಯಾವ ಭಾಷೆಯಲ್ಲಿ? ಮನೆಯಲ್ಲಿ ತುಳುವೋ ಕನ್ನಡವೋ, ತರಬೇತಿ ಮಲಯಾಳದಲ್ಲಿ ಎಂದಾದರೆ ದಿನದ ಉಳಿದ ಗಂಟೆಗಳಲ್ಲಿ ಮಗು ಕೇಳುವುದೂ ಕಲಿಯುವುದೂ ಬೇರೆಬೇರೆಯಾಗುತ್ತದೆ. ಥೆರಪಿಸ್ಟ್ ಹತ್ತಿರ ಕೂತು ಮನೆಯ ಮಾತಿನಲ್ಲಿ ಮಾಡುವ ಅಭ್ಯಾಸಗಳನ್ನು ಬರೆಸಿಕೊಳ್ಳಿ. ಕಿವಿಯ ಹಿಂದಿನ ಪ್ರೊಸೆಸರ್‌ಗೆ ನಮ್ಮ ಮಳೆಗಾಲ ಶತ್ರು. ರಾತ್ರಿ ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗಲಿಕ್ಕೆ ಇಡಲೇಬೇಕು.

ಕಂಪೆನಿ ಆ ಮಾದರಿಯನ್ನು ನಿಲ್ಲಿಸಿದರೆ? ಅಮೆರಿಕದ ಸೆಕೆಂಡ್ ಸೈಟ್ ಕಂಪೆನಿಯ ಆರ್ಗಸ್ 2 ಕಣ್ಣಿನ ಇಂಪ್ಲಾಂಟಿನಲ್ಲಿ 60 ಎಲೆಕ್ಟ್ರೋಡ್ ಇದ್ದವು. 2013ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು, 2019ರಲ್ಲಿ ತಯಾರಿಕೆ ನಿಂತಿತು, ಮರುವರ್ಷ ಕಂಪೆನಿಯೇ ಮುಳುಗುವ ಹಂತಕ್ಕೆ ಬಂತು. ಹಾಕಿಸಿಕೊಂಡ 350ಕ್ಕೂ ಹೆಚ್ಚು ಜನರ ಕಣ್ಣೊಳಗೆ ಅದು ಇದ್ದ ಹಾಗೇ ಉಳಿಯಿತು, ರಿಪೇರಿಗೆ ಜನವಿಲ್ಲ.

ನಮಗಂತೂ ಕಂಪೆನಿ ಮುಳುಗಬೇಕೆಂದೇ ಇಲ್ಲ, ರಸ್ತೆ ಮುಚ್ಚಿದರೂ ಸಾಕು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಶಿಲಾನ್ಯಾಸ ಆದದ್ದು 2013ರಲ್ಲಿ. ದೊಡ್ಡ ಚಿಕಿತ್ಸೆ ಎಂದರೆ ಅಂದೂ ಇಂದೂ ಗಡಿಯಾಚೆ ಕರ್ನಾಟಕದ ಮಂಗಳೂರಿನ ಕಡೆಗೇ ಮುಖ. 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳು ವಾಪಸಾದವು, ಚಿಕಿತ್ಸೆ ಸಿಗದೆ ಹಲವರು ತೀರಿಹೋದರು. ದಾರಿ ತೆರೆಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟೇ ಕೇಂದ್ರಕ್ಕೆ ಹೇಳಬೇಕಾಯಿತು. ಒಂದು ಅಂಗವನ್ನು ಗಡಿಯಾಚೆ ಇಟ್ಟುಕೊಂಡವರಿಗೆ ರಾಜ್ಯದ ಗಡಿ ಎಂದರೆ ಏನು ಎಂಬುದು ಆಗ ಗೊತ್ತಾಯಿತು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಇಂಥದ್ದೊಂದು ಸಾಧನ ಹಾಕಿಸುವ ಮಾತು ಬಂದರೆ ತತ್ತ್ವ ಆಮೇಲೆ ನೋಡಿಕೊಳ್ಳಿ. ಬ್ಯಾಟರಿ ಎಷ್ಟು ವರ್ಷ, ಬದಲಾಯಿಸುವ ಖರ್ಚು ಯಾರದ್ದು? ಈ ಮಾದರಿಗೆ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ ಎಂದು ಬರೆದು ಕೊಡುತ್ತಾರಾ? ಇದನ್ನು ಓದಿ ಸೆಟ್ಟಿಂಗ್ ಬದಲಾಯಿಸುವ ಯಂತ್ರ ಕಾಸರಗೋಡಿನಲ್ಲಿ ಇದೆಯಾ, ಇಲ್ಲ ಮಂಗಳೂರಿಗೇ ಹೋಗಬೇಕಾ? ಎಂಆರ್‌ಐ ಮಾಡಬಹುದಾ? ತೆಗೆಯಬೇಕಾಗಿ ಬಂದರೆ ತೆಗೆಯುವವರು ಯಾರು? ಮಾದರಿ ಸಂಖ್ಯೆ ಇರುವ ಕಾರ್ಡು ಪರ್ಸಿನಲ್ಲಿರಲಿ, ಅದರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.